ಕೆಲಗೇರಿಯ ಅಂಗಳದಲ್ಲಿ ನಿಂತ ಕಾರು

ನಮಗಿಬ್ಬರಿಗೂ ಸೇರಿ ಒಂದೇ ಕಾರು. ನಾನಿರುವುದು ಉಣಕಲ್ಲಿನಲ್ಲಿ, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಅಕ್ಕ ಇರುವುದು ಧಾರವಾಡದ ಕೆಲಗೇರಿಯಲ್ಲಿ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಅಪ್ಪ ತೀರಿಕೊಂಡ ಮೇಲೆ ಅವರ ಕಾರನ್ನು ಮಾರಲು ಇಬ್ಬರಿಗೂ ಮನಸ್ಸಾಗಲಿಲ್ಲ. ದಿನಾ ಕಾರು ಬೇಕಾಗುವಷ್ಟು ಕೆಲಸವೂ ಇಬ್ಬರಿಗಿರಲಿಲ್ಲ. ಒಂದು ತಿಂಗಳು ಅವಳ ಹತ್ತಿರ, ಒಂದು ತಿಂಗಳು ನನ್ನ ಹತ್ತಿರ ಎಂದು ಮಾಡಿಕೊಂಡೆವು.

ಈ ಸಲ ಮಳೆಗಾಲದ ಮೊದಲಿಗೇ ಅಕ್ಕ ಹಿತ್ತಲಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಎಡಗಾಲಿನ ಹರಡಿನ ಮೂಳೆ ಮುರಿದುಕೊಂಡಳು. ಪ್ಲಾಸ್ಟರ್ ಹಾಕಿದರು. ಆಗ ಕಾರು ಅವಳ ಅಂಗಳದಲ್ಲಿತ್ತು. ನಾನು ಒಯ್ಯುತ್ತೇನೆ ಅಂದರೆ ಒಪ್ಪಲಿಲ್ಲ.

“ಇಲ್ಲೇ ಇರ್ಲಿ ಬಿಡ. ದವಾಖಾನಿಗೆ ಹೋಗಾಕ ಬೇಕಾಗತೈತಿ.”

ಭಾವನಿಗೆ ಕಾರು ನಡೆಸಲು ಬರುವುದಿಲ್ಲ. ಅವಳ ಕಾಲು ಪ್ಲಾಸ್ಟರಿನಲ್ಲಿದೆ. ಇನ್ನು ಯಾರು ಓಡಿಸುತ್ತಾರೆ ಎಂದು ಕೇಳಬೇಕೆನಿಸಿತು. ನೋವಿನಲ್ಲಿದ್ದವಳ ಜೊತೆ ವಾದ ಬೇಡ ಎಂದು ಕಾರು ಬಿಟ್ಟು ಬಂದೆ.

ಪ್ಲಾಸ್ಟರ್ ತೆಗೆದು, ಕೋಲು ಹಿಡಿದು ನಡೆದು, ಕೊನೆಗೆ ಕೋಲನ್ನೂ ಬಿಟ್ಟ ಮೇಲೆ ಒಂದು ಭಾನುವಾರ, ಸ್ಕೂಟರ್ ಅಲ್ಲಿ ಬಿಟ್ಟು ಕಾರು ತರಲೆಂದು ನಾನು ಸ್ಕೂಟರಿನಲ್ಲಿ ಕೆಲಗೇರಿಗೆ ಹೋದೆ. ಕಾರಿಗೆ ದಪ್ಪ ತಾಡಪತ್ರಿ ಹೊದಿಸಿ ಹಗ್ಗ ಕಟ್ಟಿದ್ದರು. ತೆಗೆದು ಬಾಗಿಲು ತೆರೆದರೆ ಹಸಿ ಗೋಣಿಚೀಲದಂಥ ವಾಸನೆ. ಸ್ಟೇರಿಂಗಿನ ಮೇಲೆ, ಸೀಟ್ ಬೆಲ್ಟಿನ ಮೇಲೆ ಬೂದಿ ಉದುರಿದಂತೆ ಬಿಳಿ ಬೂಷ್ಟು. ಗಾಳಿಯಾಡದ ತಾಡಪತ್ರಿಯ ಕೆಳಗೆ ಮಳೆಗಾಲದ ತೇವವೆಲ್ಲ ಒಳಗೇ ಉಳಿದಿತ್ತು. ಕೀಲಿ ತಿರುಗಿಸಿದೆ. ಒಂದು ದೀಪವೂ ಹತ್ತಲಿಲ್ಲ.

“ಲೈಟ್ ಹಂಗ ಬಿಟ್ಟಿದ್ದೇನು?” ಎಂದೆ.

“ಇಲ್ಲ,” ಎಂದಳು ಅಕ್ಕ. ಅಷ್ಟೇ ಹೇಳಿ ಬೂಷ್ಟು ಒರೆಸಲು ಒಣ ಬಟ್ಟೆ ತರಲು ಒಳಗೆ ಹೋದಳು.

ಪಕ್ಕದ ಮನೆಯವರು ಹುಬ್ಬಳ್ಳಿಯಲ್ಲಿ ಹತ್ತಿ ವ್ಯಾಪಾರ ಮಾಡುವವರು. ಕರೆದ ಕೂಡಲೇ ತಮ್ಮ ಕಾರು ತಂದು ನಮ್ಮದರ ಮೂತಿಗೆ ಮೂತಿ ಹಚ್ಚಿ ನಿಲ್ಲಿಸಿದರು. ಅವರ ಬ್ಯಾಟರಿಯಿಂದ ಕರೆಂಟು ಪಡೆಯಲು ಕೆಂಪು ತಂತಿಯನ್ನು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ, ಕಪ್ಪನ್ನು ಅವರ ಬ್ಯಾಟರಿಯ ಮೈನಸ್ಸಿಗೆ, ಅದರ ಇನ್ನೊಂದು ತುದಿಯನ್ನು ನಮ್ಮ ಎಂಜಿನ್ನಿನ ಕಬ್ಬಿಣಕ್ಕೆ ಸಿಕ್ಕಿಸಿದೆವು. ಎರಡನೆಯ ಸಲಕ್ಕೆ ಎಂಜಿನ್ ಕೆಮ್ಮಿ ಚಾಲೂ ಆಯಿತು. ತಂತಿ ಬಿಚ್ಚಿ ಅವರ ಕಾರನ್ನು ಸರಿಸಿದೆವು. ಆದರೆ ಹ್ಯಾಂಡ್ ಬ್ರೇಕ್ ಇಳಿಸಿ ಗೇರು ಹಾಕಿದರೂ ನಮ್ಮ ಕಾರು ಕದಲಲೊಲ್ಲದು.

“ಹ್ಯಾಂಡ್ ಬ್ರೇಕ್ ಎಳದು ನಿಲ್ಸಿದ್ರೇನ್ರಿ?” ಎಂದು ನೆರೆಯವರು ಅಕ್ಕನನ್ನು ಕೇಳಿದರು.

“ಹೌದ್ರಿ. ಇಳಿಜಾರ ಐತಲ್ರಿ.”

“ಬಾಳ ದಿನ ಹಂಗ ಬಿಟ್ರ ಒಳಗ ತುಕ್ಕ ಹಿಡದು ಅಂಟಕೊಂತೈತ್ರಿ. ನಮ್ಮದೂ ಒಮ್ಮೆ ಹಂಗ ಆಗಿತ್ತು. ಗೇರಿನ್ಯಾಗ ಇಟ್ಟು ಗಾಲಿಗೆ ಕಲ್ಲ ಕೊಟ್ರ ಸಾಕ್ರಿ.”

ಹಿಂದೆ ಮುಂದೆ, ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ತುಯ್ದಾಡಿಸಿದೆ. ಹಿಂದಿನ ಗಾಲಿಯಲ್ಲಿ ಟಕ್ಕೆಂದು ಸದ್ದಾಗಿ ಕಾರು ಬಿಟ್ಟುಕೊಂಡಿತು. ನಾನು ಬ್ರೇಕ್ ಒತ್ತಿದೆ. ಹಿಂದೆ ನಿಂತಿದ್ದ ನೆರೆಯವರು ಕೈಯಾಡಿಸಿ, ಬ್ರೇಕ್ ಲೈಟ್ ಒಂದೂ ಹತ್ತುತ್ತಿಲ್ಲ ಎಂದರು. ಅವರ ಮನೆಗೆ ಯಾರೋ ಬೀಗರು ಬಂದಿದ್ದರು; ಬ್ಯಾಟರಿ ತುಂಬಲು ಎಂಜಿನ್ನನ್ನು ಸ್ವಲ್ಪ ಹೊತ್ತು ಹಾಗೇ ಚಾಲೂ ಬಿಡಿ, ಮತ್ತೆ ನಿಂತರೆ ಕರೆಯಿರಿ ಎಂದು ಹೇಳಿ ಹೋದರು.

ಉಳಿದದ್ದು ನಾವಿಬ್ಬರೇ. ಅರ್ಧ ಗಂಟೆ ಎಂಜಿನ್ ಓಡಲು ಬಿಟ್ಟು, ಆಮೇಲೆ ಆರಿಸಿ, ಸ್ಟೇರಿಂಗಿನ ಕೆಳಗಿನ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ಕಿತ್ತೆವು. ಯಾವ ಫ್ಯೂಸ್ ಯಾವುದಕ್ಕೆ ಎಂದು ಮುಚ್ಚಳದ ಒಳಮೈಯಲ್ಲಿ ಚಿತ್ರವಿತ್ತು. ಅಕ್ಕ ಚಾಳೀಸು ಏರಿಸಿಕೊಂಡು ಓದಿ ಬ್ರೇಕ್ ಲೈಟಿನದನ್ನು ತೋರಿಸಿದಳು. ಹತ್ತು ಆಂಪಿಯರಿನ ಕೆಂಪು ಫ್ಯೂಸ್. ಚಿಮಟದಿಂದ ಎಳೆದು ಬೆಳಕಿಗೆ ಹಿಡಿದರೆ ಒಳಗಿನ ತಂತಿ ನಡುವೆ ತುಂಡಾಗಿತ್ತು. ಪೆಟ್ಟಿಗೆಯಲ್ಲಿ ಅಂಥದ್ದೇ ಒಂದು ಹೆಚ್ಚಿನದಿತ್ತು. ಹಾಕಿ ಬ್ರೇಕ್ ಒತ್ತಿದ್ದೇ ತಡ, ಅದೂ ಸುಟ್ಟಿತು.

ಮಿಕ್ಕದ್ದು ಇಪ್ಪತ್ತು ಆಂಪಿಯರಿನ ಒಂದು ಹಳದಿ ಫ್ಯೂಸ್.

“ಇದನ್ನ ಹಾಕಿ ನೋಡೋಣ,” ಎಂದೆ.

“ಬ್ಯಾಡ. ಫ್ಯೂಸ್ ಉಳೀತೈತಿ, ತಂತಿ ಸುಡತೈತಿ.”

“ಉಣಕಲ್ ಮುಟ್ಟೋ ತನಕ ಅಷ್ಟ ಅಕ್ಕಾ.”

“ಬ್ಯಾಡ ಅಂದ್ರ ಬ್ಯಾಡ. ಎಲ್ಲೋ ತಂತಿ ತಾಕಾಕತ್ತೈತಿ, ಅದನ್ನ ಹುಡುಕು.”

ನನಗೆ ಸಿಟ್ಟು ಬಂತು. ಕಾರನ್ನು ಹೀಗೆ ಕೊಳೆ ಹಾಕಿದ್ದು ಅವಳು, ಹುಡುಕಬೇಕಾದವಳು ನಾನು. “ನಂಗ ಕೊಟ್ಟಿದ್ರ ಇಷ್ಟೆಲ್ಲಾ ಆಗತಿತ್ತೇನ?” ಎಂದು ಗೊಣಗುತ್ತಲೇ ಡಿಕ್ಕಿ ತೆರೆದು, ಹಿಂದಿನ ದೀಪವನ್ನು ಮುಚ್ಚಿದ್ದ ಹಲಗೆಯನ್ನು ಬಿಚ್ಚಿದೆ.

ಅಲ್ಲೊಂದು ಇಲಿಯ ಗೂಡು. ಸೀಟಿನ ಸ್ಪಂಜಿನ ಚೂರು, ಬಟ್ಟೆಯ ನೂಲು, ನಡುವೆ ರಾಶಿ ಶೇಂಗಾ ಸಿಪ್ಪೆ. ಇಲಿ ಓಡಿ ಎಷ್ಟು ದಿನವಾಗಿತ್ತೋ. ದೀಪಕ್ಕೆ ಹೋಗುವ ಒಂದು ತಂತಿಯ ಹೊದಿಕೆಯನ್ನು ಅದು ಕಡಿದಿತ್ತು. ಬರಿದಾದ ತಾಮ್ರ ಕಾರಿನ ಮೈಗೆ ತಾಗಿ ಕೂತಿತ್ತು.

“ತಂತಿ ಸಿಕ್ತು. ಆದ್ರ ಕಾರಿನ್ಯಾಗ ಶೇಂಗಾ ಎಲ್ಲಿಂದ ಬಂತು?”

ಅಕ್ಕ ಡಿಕ್ಕಿಯ ಅಂಚಿನ ಮೇಲೆ ಕೂತಳು. ನೋಯುವ ಕಾಲನ್ನು ಮುಂದೆ ಚಾಚಿದಳು.

“ನಂದ ಅದು. ದಿನಾ ಇಲ್ಲೇ ಬಂದು ಕುಂದ್ರತಿದ್ದೆ.”

“ಕಾರಿನ್ಯಾಗ?”

“ಹೂಂ. ತಾಡಪತ್ರಿ ಒಂದ್ ಕಡೆ ಸರಿಸಿ, ಹಿಂದಿನ ಸೀಟಿನ ಮ್ಯಾಲ ಕಾಲ ಚಾಚ್ಕೊಂಡು. ರೇಡಿಯೋ ಹಚ್ಚತಿದ್ದೆ. ಎರಡ ಹಾಡು, ಸುದ್ದಿ, ಮತ್ತ ಎರಡ ಹಾಡು. ಶೇಂಗಾ ತಿನ್ಕೊಂತ.”

ಬ್ಯಾಟರಿ ಹೇಗೆ ಸತ್ತಿತು ಎಂಬುದು ನನಗೆ ಆಗ ತಿಳಿಯಿತು.

“ಮನ್ಯಾಗ ಏನಾಗಿತ್ತ?”

“ಮನ್ಯಾಗ ನಿಮ್ಮ ಭಾವನ ಟಿವಿ. ಮುಂಜಾನೆಯಿಂದ ಜಗಳದ ಸುದ್ದಿ, ಅದೂ ಓಣಿಗೆಲ್ಲಾ ಕೇಳೋ ಹಂಗ. ಅದರ ಮ್ಯಾಲ ಮಾತಾಡ್ಸಾಕ ಬಂದವ್ರು. ಒಬ್ರು ಮೂಳಿಗೆ ಅದನ್ನ ತಿನ್ರಿ ಅಂತಾರ, ಇನ್ನೊಬ್ರು ಮೆಟ್ಟಿಲ್ದಾಗ ನೋಡಿ ನಡೀಬೇಕ್ರಿ ಅಂತಾರ. ಕಾಲ ಮುರದಿದ್ರೂ ಅವ್ರಿಗೆ ಚಾ ಮಾಡ್ಸಬೇಕು. ನಂದ ಅಂತ ಒಂದ್ ಕುರ್ಚಿ ಇರಲಿಲ್ಲ ನೋಡ.”

ಆ ದಿನಗಳಲ್ಲಿ ನಾನು ಫೋನ್ ಮಾಡಿದಾಗಲೆಲ್ಲ ಭಾವ “ಅಂಗಳದಾಗ ಅದಾಳ” ಎನ್ನುತ್ತಿದ್ದ. ಗಾಳಿಗೆ ಕೂತಿರಬೇಕು ಎಂದುಕೊಳ್ಳುತ್ತಿದ್ದೆ. ಕಸಬರಿಗೆ ತಂದು ಗೂಡನ್ನು ಬಳಿದು ಹಾಕಿದೆ.

ಕಡಿದ ತಂತಿಯನ್ನು ಲೋಹದಿಂದ ದೂರ ಸರಿಸಿ ಕರೆಂಟಿನ ಟೇಪು ಬಿಗಿಯಾಗಿ ಸುತ್ತಿದೆವು. ಹೆಚ್ಚಿನ ಕೆಂಪು ಫ್ಯೂಸ್ ಮತ್ತೊಂದಿರಲಿಲ್ಲ. ನಾವು ಎಂದೂ ಹಚ್ಚದ ಫಾಗ್ ಲೈಟಿನ ಫ್ಯೂಸೂ ಅಷ್ಟೇ ಆಂಪಿಯರಿನದು ಎಂದು ಅಕ್ಕ ಚಿತ್ರ ನೋಡಿ ಹೇಳಿದಳು. ಅದನ್ನೇ ಕಿತ್ತು ಹಾಕಿದೆ. ಅಕ್ಕ ಬ್ರೇಕ್ ಒತ್ತಿದಳು. ಫ್ಯೂಸ್ ಉಳಿಯಿತು, ಬಲಗಡೆಯ ದೀಪ ಹತ್ತಿತು, ಎಡಗಡೆಯದು ಇಲ್ಲ. ಎಡಗಡೆಯ ಬಲ್ಬನ್ನು ಒತ್ತಿ ತಿರುಗಿಸಿ ತೆಗೆದರೆ ಗಾಜು ಕಪ್ಪಾಗಿತ್ತು. ಅದು ಬರೀ ಹಳತಾಗಿ ಹೋದದ್ದು, ಇಲಿಯ ತಪ್ಪಲ್ಲ.

ಹಳೆಯ ಬಲ್ಬನ್ನೇ ಕಿಸೆಯಲ್ಲಿಟ್ಟುಕೊಂಡು ಸ್ಕೂಟರಿನಲ್ಲಿ ಅಂಗಡಿಗೆ ಹೋಗಿ ಅಂಥದ್ದನ್ನೇ ತಂದೆ. ಎಷ್ಟು ಒತ್ತಿದರೂ ಕೂರಲೊಲ್ಲದು. ಅಕ್ಕ ಇಸಿದುಕೊಂಡು ಕಣ್ಣ ಹತ್ತಿರ ಹಿಡಿದಳು. ಬಲ್ಬಿನ ಬುಡದ ಎರಡು ಮೊಳೆಗಳಲ್ಲಿ ಒಂದು ಮೇಲೆ, ಒಂದು ಕೆಳಗೆ ಇತ್ತು. ತಿರುವಿ ಹಾಕಿದಳು, ಸರಕ್ಕನೆ ಕೂತಿತು. ಎರಡೂ ದೀಪ ಹತ್ತಿದವು.

ಟೈರುಗಳಲ್ಲಿ ಗಾಳಿ ಇಳಿದಿತ್ತು. ಪೆಟ್ರೋಲ್ ಪಂಪಿನವರೆಗೆ ಹೋಗಬೇಕು.

“ನಾ ನಡಸ್ತೇನಿ. ನೀ ಸ್ಕೂಟರಿನ್ಯಾಗ ಹಿಂದ ಬಾ,” ಎಂದಳು ಅಕ್ಕ.

“ಕಾಲ ತಡೀತೈತೇನ?”

“ತಡೀಲಿಲ್ಲಂದ್ರ ನಿಲ್ಲಸ್ತೇನಿ.”

ಕೆರೆಯ ಪಕ್ಕದ ರಸ್ತೆಯಲ್ಲಿ ಅವಳು ನಿಧಾನಕ್ಕೆ ಹೋದಳು. ಎಡಗಾಲಿನಲ್ಲಿ ಕ್ಲಚ್ ಬಿಡುವಾಗ ಮೊದಮೊದಲು ಕಾರು ಜಗ್ಗಿತು, ಆಮೇಲೆ ಸರಿಯಾಯಿತು. ಎದುರಿಗೆ ಯಾರೂ ಇಲ್ಲದಿದ್ದರೂ ಆಗಾಗ ಬ್ರೇಕ್ ಒತ್ತುತ್ತಿದ್ದಳು, ದೀಪ ನನಗೆ ಕಾಣಲಿ ಎಂದಿರಬೇಕು. ನಾನು ಪ್ರತಿ ಸಲವೂ ಹಾರ್ನ್ ಹೊಡೆದೆ.

ಪಂಪಿನಲ್ಲಿ ಗಾಳಿ ತುಂಬಿಸುತ್ತಿದ್ದಾಗ ಕೀಲಿಯನ್ನು ನನ್ನ ಕೈಗೆ ಕೊಡಲು ಬಂದಳು. ಆ ತಿಂಗಳು ನನ್ನದು.

“ನಿನ್ನ ಹತ್ರನ ಇರ್ಲಿ,” ಎಂದೆ. “ನಾಳೆ ಎಲೆಕ್ಟ್ರಿಷಿಯನ್ ಹತ್ರ ಒಯ್ದು ಆ ತಂತಿ ಪಕ್ಕಾ ಮಾಡಿಸು. ರೇಡಿಯೋ ಕೇಳೋ ಮುಂದ ಎಂಜಿನ್ ಚಾಲೂ ಇಟ್ಕೊ, ಇಲ್ಲಾ ಒಂದ್ ಸುತ್ತ ಹೊಡಕೊಂಡ ಬಾ.”

ಅವಳು ಕೀಲಿಯನ್ನು ಒಂದು ಗಳಿಗೆ ನೋಡಿ ಪರ್ಸಿಗೆ ಹಾಕಿಕೊಂಡಳು. ಆಮೇಲೆ ತಿಂಗಳ ಲೆಕ್ಕವನ್ನು ಇಬ್ಬರೂ ಎತ್ತಲಿಲ್ಲ. ಕಾರು ಅಲ್ಲೇ ಇದೆ, ನನಗೆ ಬೇಕಾದಾಗ ಹೋಗಿ ತರುತ್ತೇನೆ. ಅವಳು ಅದಕ್ಕೆ ಗಾಳಿಯಾಡುವ ಹತ್ತಿಬಟ್ಟೆಯ ಹೊದಿಕೆಯೊಂದನ್ನು ಹೊಲಿಸಿದ್ದಾಳೆ. ಅವತ್ತು ಅವಳು ಕಾರು ತಿರುಗಿಸಿಕೊಂಡು ಮನೆ ಕಡೆ ಹೋದಳು. ಮೋಡ ಕವಿಯುತ್ತಿತ್ತು, ನಾನು ಮಳೆಗೆ ಮೊದಲೇ ಉಣಕಲ್ ಮುಟ್ಟಬೇಕೆಂದು ಸ್ಕೂಟರ್ ಜೋರಾಗಿ ಬಿಟ್ಟೆ.