ಗುರುವಾರದ ಇನ್ಸುಲಿನ್

ಅತ್ತಿಯ ಕಾಲಿನ ಹೆಬ್ಬೆರಳು ಕಪ್ಪಾಗಿದ್ದು ನನಗೆ ಕಂಡದ್ದು, ಗಾಣಗಾಪುರದ ನಮ್ಮ ಹೂವು-ಕಾಯಿ ಅಂಗಡಿ ಮುಂದೆ ಅವರು ಚಪ್ಪಲಿ ಬಿಟ್ಟಾಗ. ಶುಗರ್ ಮೊದಲೇ ಇತ್ತು. ಅವರ ಮಗ, ನನ್ನ ಗಂಡ, ಅಂಗಡಿ ನೋಡಿಕೊಂಡ, ನಾನು ಅತ್ತಿಯನ್ನು ಕಲಬುರಗಿಯ ದವಾಖಾನಿಗೆ ಕರಕೊಂಡು ಹೋದೆ. ಅಡ್ಮಿಟ್ ಅಂದರು. ಬೆರಳು ಉಳೀಬೇಕಾದರೆ ಇನ್ಸುಲಿನ್ ಬೇಕೇ ಬೇಕು ಅಂದರು. ಆಯ್ತು ಅಂದೆ.

ಆದರೆ ಅತ್ತಿ ಗುರುವಾರದ ದತ್ತನ ಉಪಾಸ ಬಿಡುವವರಲ್ಲ. ಸಂಜೆ ಆರತಿ ಹೊತ್ತಿನತನಕ ನೀರು ಬಿಟ್ಟರೆ ಏನೂ ಇಲ್ಲ. ದವಾಖಾನಿ ಹಾಸಿಗೆ ಮೇಲೂ ಅದೇ ಹಟ. ಅದಕ್ಕೇ ಬುಧವಾರವೇ, ನಾಳೆ ಅತ್ತಿಯ ಉಪಾಸ ಅಂತ ವಾರ್ಡಿನ ಸಣ್ಣ ಡಾಕ್ಟರಿಗೆ ಹೇಳಿದೆ.

"ಡಯಟಿಷಿಯನ್‌ಗೆ ಹೇಳ್ರಿ" ಅಂದ, ಮೊಬೈಲಿನಿಂದ ಮುಖ ಎತ್ತದೆ.

ಆಕೆಗೆ ಹೇಳಿದೆ. "ಹಂಗಾರ ನಾಷ್ಟಾ ಕಳಸಂಗಿಲ್ರಿ. ಸಿಸ್ಟರ್‌ಗೂ ಒಂದ್ಮಾತು ಹೇಳಿಬಿಡ್ರಿ."

ಸಿಸ್ಟರ್‌ಗೂ ಹೇಳಿದೆ. "ಡಾಕ್ಟರ್ ಬರೆದದ್ದನ್ನ ನಾ ಕೊಡ್ತೀನ್ರಿ. ಅವರಿಗೇ ಹೇಳ್ರಿ."

ಅವರಿಗೇ ಮೊದಲು ಹೇಳಿದ್ದೆನಲ್ಲ!

ಆ ಮೂವರೂ ಆಮೇಲೆ ಒಂದೇ ಟೇಬಲ್ ಹತ್ತಿರ ನಿಂತು ಚಹಾ ಕುಡಿದರು, ನಕ್ಕರು. ಅತ್ತಿಯ ಉಪಾಸದ ಬಗ್ಗೆ ಮಾತ್ರ ತಮ್ಮ ತಮ್ಮೊಳಗೆ ಒಂದು ಮಾತು ಆಡಲಿಲ್ಲ. ನಾನೇನು ಇವರ ಟಪಾಲಿನವಳಾ? ಮೈಯೆಲ್ಲ ಉರಿಯಿತು. ಆದರೂ ಸುಮ್ಮನಿದ್ದೆ, ಅತ್ತಿ ಅವರ ಕೈಯಲ್ಲಿದ್ದರು.

ಗುರುವಾರ ಬೆಳಿಗ್ಗೆ ರಿಪೋರ್ಟ್ ತರಲು ಲ್ಯಾಬಿಗೆ ಹೋಗಿ ಬಂದೆ. ಅತ್ತಿಯ ಸೀರೆ ಬೆವರಿಗೆ ತೊಯ್ದಿತ್ತು. ಕಣ್ಣು ಮೇಲಾಗಿತ್ತು. ಯವ್ವಾ, ಎಷ್ಟು ಅಲುಗಾಡಿಸಿದರೂ ಮಾತಿಲ್ಲ.

ಇನ್ಸುಲಿನ್ ಕೊಟ್ಟಿದ್ದರು. ಹೊಟ್ಟೆ ಖಾಲಿ ಇತ್ತು.

ಓಡಿ ಬಂದು ಗ್ಲೂಕೋಸ್ ಹಚ್ಚಿದರು, ಐಸಿಯುಗೆ ಒಯ್ದರು. ಸಣ್ಣ ಡಾಕ್ಟರ್ ನನ್ನ ಕಡೆ ತಿರುಗಿ, "ಉಪಾಸ ಅಂತ ಹೇಳಬೇಕಿತ್ತಲ್ರಿ ನೀವು" ಅಂದ. ಅವನ ಬಾಯಾಗ ಮಣ್ಣು ಹಾಕ! ವಾರ್ಡೆಲ್ಲ ಕೇಳುವ ಹಾಗೆ ಬೈದೆ.

ಅತ್ತಿಯ ಜೀವ ಉಳಿಯಿತು. ಬೆರಳೂ ಉಳಿಯಿತು. ಆದರೆ ಶುಗರ್ ಪೂರಾ ಇಳಿದು ಮಿದುಳಿಗೆ ಪೆಟ್ಟು ಬಿದ್ದಿದೆ ಅಂದರು. ಎಚ್ಚರಾದ ಮೇಲೆ ಮಗನನ್ನು ಗುರುತು ಹಿಡಿದರು. ನಾನು ಮದುವೆಯಾಗಿ ಬಂದಾಗಿನಿಂದ "ಸುಬ್ಬಿ, ಏ ಸುಬ್ಬಿ" ಅಂತ ಮನೆ ತುಂಬ ಕೂಗುತ್ತಿದ್ದವರು, ನನ್ನ ಮುಖ ನೋಡಿ ಕೇಳಿದರು.

"ಯಾರ್ ಬೇ ನೀ?"

ಡಿಸ್ಚಾರ್ಜ್ ಆಗಿ ಸ್ವಲ್ಪ ದಿನಕ್ಕೆ ಅಲ್ಲಿಯ ದೊಡ್ಡ ಡಾಕ್ಟರ್ ಮೇಡಂ ಫೋನ್ ಮಾಡಿದರು. ಡಾಕ್ಟರ್, ನರ್ಸಿಂಗ್, ಡಯಟ್ ಕಲಿಯುವ ಹುಡುಗರನ್ನು ಒಟ್ಟಿಗೆ ಕೂಡಿಸಿ ಪಾಠ ಮಾಡುತ್ತೇವೆ, ಬಂದು ನಡೆದದ್ದು ಹೇಳಿ ಅಂದರು. ಹೋದೆ. ಕಲಿಸಲಿಕ್ಕಲ್ಲ, ಮತ್ತೊಮ್ಮೆ ಬೈದು ಬರಲಿಕ್ಕೆ.

ಅಲ್ಲಿ ನಮಗೆ ನಡೆದದ್ದನ್ನೇ ನಾಟಕದ ಹಾಗೆ ಆಡಿಸುತ್ತಿದ್ದರು; ಒಬ್ಬ ಹುಡುಗಿ ಅತ್ತಿಯಾಗಿ ಮಲಗಿದ್ದಳು, ನನ್ನನ್ನು ಆಕೆಯ ಮಗ್ಗಲಿಗೆ ಕೂಡಿಸಿದರು. "ಇವತ್ತು ಉಪಾಸರಿ" ಅಂದಳು. ಡಾಕ್ಟರ್ ಹುಡುಗ ನನ್ನ ಕಡೆ ನೋಡಿ, "ನೀವು ಸಿಸ್ಟರ್‌ಗೆ ತಿಳಿಸ್ರಿ" ಅಂದುಬಿಟ್ಟ.

ಸಿಟ್ಟು ನೆತ್ತಿಗೇರಿತು. ಎದ್ದು ನಿಂತೆ. "ಏ ತಮ್ಮಾ! ಸಿಸ್ಟರ್ ನಿನ್ನ ಮಗ್ಗಲಾಗೇ ನಿಂತಾಳ. ನಿನ್ನ ಬಾಯಿಲೇ ಆಕಿಗೆ ಹೇಳೋ! ನಡುವ ನಾ ಯಾಕ?"

"ಮತ್ತೊಮ್ಮೆ ಮಾಡ್ರಿ" ಅಂದರು ಮೇಡಂ.

ಹುಡುಗ ತಿರುಗಿದ. "ಸಿಸ್ಟರ್, ಇವರು ಉಂಡಿಲ್ಲ. ಇನ್ಸುಲಿನ್ ತಡೀರಿ, ನಾ ಡೋಸ್ ನೋಡ್ತೀನಿ." ಆಕೆ ಅದನ್ನೇ ತಿರುಗಿ ಹೇಳಿ, ಡಯಟ್ ಹುಡುಗಿಗೂ ಹೇಳಿದಳು.

ಇಷ್ಟೇ. ಇಷ್ಟೇ ಸಾಕಿತ್ತು ನಮಗೆ. ಅಲ್ಲೇ ಕೂತು ಅತ್ತುಬಿಟ್ಟೆ.

ಮೊನ್ನೆ ಅತ್ತಿಯನ್ನು ದವಾಖಾನಿಗೆ ತೋರಿಸಲು ಹೋದಾಗ ಅಲ್ಲಿಯ ಸಿಸ್ಟರ್ ಸೂಜಿ ಹಿಡಿದು ನಿಂತು, "ಇವರು ಉಂಡಾರೇನ್ರಿ ಸರ್?" ಅಂತ ಡಾಕ್ಟರನ್ನು ಕೇಳಿದಳು. ಒಳ್ಳೆಯದಾಯಿತು. ನನ್ನ ಸಿಟ್ಟು ಮಾತ್ರ ಇಳಿದಿಲ್ಲ.

ಈಗ ಗುರುವಾರ ಅತ್ತಿ ಹಾಲು-ಬಾಳೆಹಣ್ಣಿಗೆ ಒಪ್ಪಿದ್ದಾರೆ. ಕೊಡುವಾಗ ದಿನಾಲೂ ಹೇಳುವುದನ್ನೇ ಹೇಳುತ್ತೇನೆ: "ನಾ ಸುಬ್ಬಿರಿ." "ಸುಬ್ಬಿ" ಅಂತಾರೆ, ನಗುತ್ತಾರೆ. ಸಂಜೆಯೊಳಗೆ ಮರೆಯುತ್ತಾರೆ.

ನಾಳೆ ಮತ್ತೆ ಹೇಳುತ್ತೇನೆ.