ಹಡಗು ಹತ್ತದ ಸಾಮಾನು

ಫರೀದಾಬಾದಿನ ದಕ್ಷಿಣಾಮೂರ್ತಿಯವರು ಈ ದೇಶ ಬಿಟ್ಟು ಆಚೆ ಕಾಲಿಟ್ಟವರಲ್ಲ. ಪಾಸ್‌ಪೋರ್ಟ್ ಏನೋ ಇದೆ. ಮೊದಲ ಸಲ ಮಾಡಿಸಿದ್ದು ಇರಲಿ ಅಂತ, ಅವಧಿ ಮುಗಿದ ಮೇಲೆ ಮತ್ತೆ ಮಾಡಿಸಿದ್ದೂ ಇರಲಿ ಅಂತಲೇ. ಆದರೆ ದಿಲ್ಲಿ, ನೋಯ್ಡಾ, ಗುರುಗ್ರಾಮದ ಯಾವುದಾದರೂ ಕನ್ನಡದ ಕುಟುಂಬ ಗಂಟುಮೂಟೆ ಕಟ್ಟಿಕೊಂಡು ವಿದೇಶಕ್ಕೆ ಹೊರಟಿದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಸಾಕು, ಅವರು ಮೆಟ್ರೋ ಹತ್ತಿ ಹಾಜರ್. ಕರೆದಿರಬೇಕು ಎಂಬ ನಿಯಮವೇನೂ ಇರಲಿಲ್ಲ.

ಹೋದವರು ಸುಮ್ಮನೆ ಕೂರುತ್ತಿದ್ದರೆ? ಪ್ಯಾಕರ್ಸ್ ಕಂಪನಿಯ ಹುಡುಗರು ರಟ್ಟಿನ ಪೆಟ್ಟಿಗೆ ಬಿಚ್ಚುವಷ್ಟರಲ್ಲಿ ದಕ್ಷಿಣಾಮೂರ್ತಿಯವರು ಶರ್ಟಿನ ತೋಳು ಮಡಚಿ ನಡುಮನೆಯಲ್ಲಿ ನಿಂತಿರುತ್ತಿದ್ದರು. "ಅರೇ ಭಯ್ಯಾ, ಗಾಜಿನ ಸಾಮಾನು ಕೆಳಗೆ ಯಾಕೆ ಇಡ್ತೀಯ? ಮೇಲೆ ಇಡು, ಮೇಲೆ!" ಎಂದು ಕನ್ನಡದಲ್ಲೇ ಶುರುಮಾಡಿ, ಆಮೇಲೆ ನೆನಪಾಗಿ ಹಿಂದಿಗೆ ಹೊರಳುತ್ತಿದ್ದರು. ಮನೆಯಾಕೆಗೆ ಬೇರೆ ಪಾಠ. "ಹಡಗಿನಲ್ಲಿ ಕಂಟೇನರ್ ಒಳಗಡೆ ಬೆವರುತ್ತೆ ಕಣಮ್ಮಾ. ಹಾಸಿಗೆ ಪ್ಲಾಸ್ಟಿಕ್ ಸುತ್ತದೆ ಕಳಿಸಿದ್ರೆ ಅಲ್ಲಿ ಅಣಬೆ ಕೊಯ್ಕೋಬೇಕಾಗುತ್ತೆ." ಹಾಗೆ ಹೇಳುವಾಗ ಅರ್ಧ ಆಯುಷ್ಯ ಹಡಗಿನ ಮೇಲೇ ಕಳೆದವರ ಗತ್ತು ಮುಖದಲ್ಲಿ. ಸಮುದ್ರವನ್ನು ಅವರು ನೋಡಿದ್ದು ಸರ್ಕಾರದ ಖರ್ಚಿನ ಎಲ್‌ಟಿಸಿ ಪ್ರವಾಸದಲ್ಲಿ ಪುರಿಗೆ ಹೋದಾಗ, ಅದೂ ಪ್ಯಾಂಟು ಮೊಣಕಾಲಿಗೆ ಮಡಚಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು.

ನಿವೃತ್ತಿಗೆ ಮುಂಚೆ ಅವರು ಒಂದು ಮಂತ್ರಾಲಯದ ಜನರಲ್ ಸೆಕ್ಷನ್ನಿನಲ್ಲಿದ್ದರು. ಮೇಜು, ಕುರ್ಚಿ, ಬೀರು, ಕೂಲರ್ ಎಲ್ಲ ಅವರ ಸುಪರ್ದಿಗೆ. ಸರ್ಕಾರದಲ್ಲಿ ಕುರ್ಚಿಯ ಕಾಲು ಮುರಿದರೆ ಯಾರೂ ಅದನ್ನು ಎಸೆಯುವ ಹಾಗಿಲ್ಲ. ಅದನ್ನು ಕಂಡೆಮ್ ಮಾಡಬೇಕು, ಅಂದರೆ ಇದು ಇನ್ನು ಕೆಲಸಕ್ಕೆ ಬಾರದು ಎಂದು ಅಧಿಕಾರಿಗಳ ಬೋರ್ಡ್ ಕೂತು ಹೇಳಬೇಕು. ಬೋರ್ಡ್ ಕೂರುವುದು ಯಾವ ಕಾಲಕ್ಕೋ. ಅಲ್ಲಿಯ ತನಕ ಆ ಮೂರು ಕಾಲಿನ ಕುರ್ಚಿ ಕಾರಿಡಾರಿನಲ್ಲಿ ಗೋಡೆಗೆ ಒರಗಿಕೊಂಡು ಅಧಿಕಾರಿಗಳ ಜೊತೆಯಲ್ಲೇ ವಯಸ್ಸಾಗುತ್ತಿರುತ್ತದೆ. ದಕ್ಷಿಣಾಮೂರ್ತಿಯವರು ತಮ್ಮ ನೌಕರಿಯುದ್ದಕ್ಕೂ ಇಂಥ ಕುರ್ಚಿಗಳನ್ನು ಕಾಯ್ದವರು. ಒಂದೂ ಕಳುವಾಗಿರಲಿಲ್ಲ. ಕಳುವು ಮಾಡುವಂಥದ್ದು ಅಲ್ಲೇನೂ ಇರಲಿಲ್ಲ ಎನ್ನುವುದು ಬೇರೆ ಮಾತು.

ನಿವೃತ್ತರಾದ ಮೇಲೆ ಕಾಯಲು ಏನೂ ಇಲ್ಲದೆ ಅವರಿಗೆ ಕೈಕಾಲು ಕಟ್ಟಿಹಾಕಿದ ಹಾಗಾಗಿತ್ತು. ಆಗ ಸಿಕ್ಕಿದ್ದು ಮಹಂತೇಶ್ ಎಂಬ ಹುಡುಗನ ಟ್ರೆಡ್‌ಮಿಲ್. ಮಹಂತೇಶ್ ಗುರುಗ್ರಾಮದ ಕಂಪನಿ ಬಿಟ್ಟು ಹಾಲೆಂಡಿಗೆ ಹೊರಟಿದ್ದ. ಬೀಳ್ಕೊಡಲು ಹೋದ ದಕ್ಷಿಣಾಮೂರ್ತಿಯವರ ಕಣ್ಣೆದುರಿಗೇ ಕಂಟೇನರಿನಲ್ಲಿ ಅವನು ಹಣ ಕಟ್ಟಿದ್ದಷ್ಟು ಜಾಗ ತುಂಬಿಹೋಗಿ, ಟ್ರೆಡ್‌ಮಿಲ್ ಬಾಗಿಲ ಹೊರಗೇ ನಿಂತುಬಿಟ್ಟಿತು. "ಇದೊಂದು ಉಳಿದುಬಿಡ್ತಲ್ಲ ಅಂಕಲ್" ಎಂದ ಮಹಂತೇಶ್. ಅಂಕಲ್ಲಿಗೆ ಅಷ್ಟು ಸಾಕಾಯಿತು. "ಯೋಚ್ನೆ ಮಾಡಬೇಡಪ್ಪಾ. ನಮ್ಮನೇಲಿ ಒಂದು ರೂಮು ಖಾಲಿ ಇದೆ. ನೀನು ವಾಪಸ್ ಬರೋ ತನಕ ಇದು ನನ್ನ ಜವಾಬ್ದಾರಿ" ಎಂದರು.

ರೂಮು ಖಾಲಿ ಇತ್ತು ನಿಜ. ಅದನ್ನು ಖಾಲಿ ಇಟ್ಟುಕೊಂಡಿದ್ದವರು ಅವರ ಹೆಂಡತಿ ವಸಂತಿ. ಶಾಲೆಯೊಂದರಲ್ಲಿ ಸಂಗೀತದ ಮೇಡಂ ಆಗಿದ್ದವರು, ನಿವೃತ್ತಿಯಾದ ಮೇಲೆ ಮನೆಯಲ್ಲಿ ಕ್ಲಾಸ್ ನಡೆಸಬೇಕೆಂದು ಆ ರೂಮಿಗೆ ತಿಳಿ ಹಳದಿ ಬಣ್ಣ ಬಳಿಸಿ, ಚಾಪೆ ಕೊಂಡು, ಶ್ರುತಿಪೆಟ್ಟಿಗೆ ಒರೆಸಿಟ್ಟುಕೊಂಡಿದ್ದರು. ಟ್ರೆಡ್‌ಮಿಲ್ ಬಂತು. ಅದರ ಹಿಂದೆ ಪ್ರಜ್ವಲನ ಕೂಲರ್, ಸಿಂಧೂರಳ ಮೀನಿಲ್ಲದ ಮೀನಿನ ತೊಟ್ಟಿ, ಕೊನೆಗೆ ಡಬ್ಲಿನ್ನಿಗೆ ಹೊರಟ ರಘುನಂದನ್ ಮತ್ತು ಅದಿತಿಯ ಊಟದ ಮೇಜು, ಆರು ಕುರ್ಚಿಯ ಸಮೇತ. ಜೊತೆಗೆ ಅವರದ್ದೇ ಒಂದು ಪ್ಲಾಸ್ಟರಿನ ಗಣಪತಿ. ದಕ್ಷಿಣಾಮೂರ್ತಿಯವರು ಬಿಳಿ ಬಣ್ಣದ ಡಬ್ಬ ತಂದು, ಸಣ್ಣ ಕುಂಚದಲ್ಲಿ ಪ್ರತಿಯೊಂದಕ್ಕೂ ಮಾಲೀಕರ ಹೆಸರಿನ ಮೊದಲಕ್ಷರವನ್ನೂ ನಂಬರನ್ನೂ ಬರೆದರು. ಗಣಪತಿಯ ಪೀಠಕ್ಕೂ ನಂಬರು ಬಿತ್ತು.

ವಸಂತಿಯ ಕ್ಲಾಸ್ ಅಡುಗೆಮನೆಯ ಬಾಗಿಲಿನ ಓಣಿಗೆ ಹೋಯಿತು. ಸೆಕ್ಟರಿನ ಮೂರು ಹುಡುಗಿಯರು ಬರುತ್ತಿದ್ದರು. ಮಿಕ್ಕವರ ತಾಯಂದಿರು ಬಂದು ಜಾಗ ನೋಡಿ, "ಆಂಟಿ, ಬಾದ್ ಮೇಂ ಬತಾತೇ ಹೈಂ" ಎಂದು, ಆಮೇಲೆ ತಿಳಿಸುವ ಭರವಸೆ ಕೊಟ್ಟು ಹೋದವರು ಮತ್ತೆ ಬರಲಿಲ್ಲ.

"ರೀ, ಆ ಮಕ್ಕಳು ಗ್ಯಾಸ್ ಸಿಲಿಂಡರ್ ಪಕ್ಕ ಕೂತು ಸರಳೆ ವರಸೆ ಹಾಡ್ತಾವೆ" ಎಂದರು ವಸಂತಿ ಒಂದು ದಿನ. "ಕುಕ್ಕರ್ ಸೀಟಿ ಹೊಡೆದ್ರೆ ಶ್ರುತಿ ಅದರ ಹಿಂದೆ ಹೋಗುತ್ತೆ. ನನ್ನ ರೂಮು ನನಗೆ ಕೊಡಿ."

"ಇನ್ನೊಂದು ಸ್ವಲ್ಪ ದಿನ ತಡಿಯೇ. ಬಂದು ತಗೊಂಡು ಹೋಗ್ತಾರೆ. ಬೇರೆಯವರ ಸಾಮಾನು, ನಾವು ಟ್ರಸ್ಟಿಗಳಿದ್ದ ಹಾಗೆ."

"ಟ್ರಸ್ಟಿಗಳು ಆ ಮೇಜಿನ ಮೇಲೆ ಊಟನಾದ್ರೂ ಮಾಡಬಹುದೋ ಇಲ್ವೋ?"

ಮಾಡುವ ಹಾಗಿರಲಿಲ್ಲ. ಗೀರು ಬಿದ್ದರೆ ಯಾರು ಉತ್ತರ ಕೊಡುವವರು? ಆರು ಜನ ಕೂರುವ ಮೇಜು ಪಕ್ಕದ ರೂಮಿನಲ್ಲಿ ಬೆಡ್‌ಶೀಟ್ ಹೊದ್ದು ಮಲಗಿರಲು, ಗಂಡ ಹೆಂಡತಿ ಇಬ್ಬರೂ ಒಂದು ಮಡಚುವ ಸ್ಟೂಲಿನ ಮೇಲೆ ಹಳೆಯ ಪೇಪರ್ ಹಾಸಿಕೊಂಡು ಸಾರನ್ನ ಉಣ್ಣುತ್ತಿದ್ದರು. ಟ್ರೆಡ್‌ಮಿಲ್ ಜಾಮ್ ಆಗದಿರಲೆಂದು ದಕ್ಷಿಣಾಮೂರ್ತಿಯವರು ಆಗಾಗ ಅದರ ಸ್ವಿಚ್ ಹಾಕುತ್ತಿದ್ದರು. ಅದರ ಮೇಲೆ ಅವರು ನಡೆಯುತ್ತಿರಲಿಲ್ಲ, ಸವೆಯುತ್ತದಲ್ಲ. ಅದು ತನ್ನ ಪಾಡಿಗೆ ಓಡುತ್ತಿತ್ತು, ಅವರು ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಡಾಕ್ಟರು ಇವರಿಗೆ ದಿನಾ ನಡೆಯಲು ಹೇಳಿದ್ದರು.

ಈ ಚಳಿಗಾಲದಲ್ಲಿ ರಘುನಂದನನ ಮೆಸೇಜು ಬಂತು. ಯಾರದ್ದೋ ಮದುವೆಗೆ ದಿಲ್ಲಿಗೆ ಬಂದಿದ್ದಾರಂತೆ, ಅಂಕಲ್ ಆಂಟಿಯನ್ನು ನೋಡಿಕೊಂಡು ಹೋಗಬೇಕಂತೆ.

"ನೋಡಿದ್ಯಾ?" ಎಂದರು ದಕ್ಷಿಣಾಮೂರ್ತಿ, ಫೋನನ್ನು ಹೆಂಡತಿಯ ಮೂಗಿನ ತನಕ ಹಿಡಿದು. "ಬರೋದೇ ಇಲ್ಲ ಅಂತಿದ್ಯಲ್ಲ. ಮೇಜಿಗೋಸ್ಕರ ಬರ್ತಿದ್ದಾನೆ."

ವಸಂತಿಗೂ ಖುಷಿಯೇ ಆಯಿತು. ಮೇಜೊಂದು ಹೋದರೆ ಅರ್ಧ ರೂಮು ಸಿಕ್ಕ ಹಾಗೆ. ಅವರು ಬಿಸಿಬೇಳೆಬಾತಿಗೆ ಪುಡಿ ಹುರಿದರು. ಇವರು ಮೇಜಿಗೆ ಎಣ್ಣೆ ತಿಕ್ಕಿದರು. ಅಷ್ಟೇ ಅಲ್ಲ, ಓಖ್ಲಾದ ಒಂದು ಪ್ಯಾಕಿಂಗ್ ಕಂಪನಿಗೆ ಖುದ್ದು ಹೋಗಿ, ಮೇಜು ಕುರ್ಚಿಯನ್ನು ಡಬ್ಲಿನ್ನಿಗೆ ಕಳಿಸುವುದು ಹೇಗೆ, ಬೇರೆಯವರ ಕಂಟೇನರಿನಲ್ಲಿ ಜಾಗ ಸಿಗುತ್ತದೋ, ಮರಕ್ಕೆ ಹುಳದ ಔಷಧ ಹೊಡೆದು ಸರ್ಟಿಫಿಕೇಟ್ ಕೊಡುತ್ತಾರೋ ಎಲ್ಲ ವಿಚಾರಿಸಿಕೊಂಡು ಬಂದರು. ಆ ಕಂಪನಿಯವರು ಇವರನ್ನೇ ಗಿರಾಕಿ ಎಂದುಕೊಂಡು ಚಹಾ ಕೊಟ್ಟರು. ಇವರು ಕುಡಿದರು.

ರಘುನಂದನ್, ಅದಿತಿ ಬಂದರು. ದಪ್ಪ ಜಾಕೆಟ್ಟು, ಕೈಯಲ್ಲಿ ಚಾಕೊಲೇಟಿನ ಡಬ್ಬ. ತಟ್ಟೆ ತೊಡೆಯ ಮೇಲಿಟ್ಟುಕೊಂಡು ಸೋಫಾದಲ್ಲೇ ಊಟ ಮಾಡಿದರು. ಡಬ್ಲಿನ್ನಿನ ಮಳೆ, ಬಾಡಿಗೆ, ಕರಿಬೇವು ಸಿಗದ ಕಷ್ಟ ಎಲ್ಲ ಆಯಿತು. ಮೇಜಿನ ಮಾತು ಬರಲಿಲ್ಲ. ದಾಕ್ಷಿಣ್ಯದ ಮಕ್ಕಳು, ಬಾಯಿಬಿಟ್ಟು ಕೇಳಲು ಸಂಕೋಚ ಎಂದುಕೊಂಡ ದಕ್ಷಿಣಾಮೂರ್ತಿಯವರು ಕೈ ತೊಳೆದವರೇ, "ಬನ್ನಿ, ಬನ್ನಿ" ಎಂದು ಎಬ್ಬಿಸಿಕೊಂಡು ಹೋಗಿ ರೂಮಿನ ಬೀಗ ತೆಗೆದು, ಬೆಡ್‌ಶೀಟನ್ನು ಒಂದೇ ಸಲಕ್ಕೆ ಸರ್ರನೆ ಎಳೆದರು.

"ವಾವ್! ಹೊಸ ಡೈನಿಂಗ್ ಟೇಬಲ್ ತಗೊಂಡ್ರಾ ಅಂಕಲ್?" ಎಂದಳು ಅದಿತಿ. "ಬಹುತ್ ಸುಂದರ್ ಹೈ."

"ನಿಮ್ದೇ ಕಣಮ್ಮಾ!"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ರಘುನಂದನ್ ಬಗ್ಗಿ ಮೇಜಿನ ಕಾಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ತನ್ನ ಹೆಸರಿನ ಅಕ್ಷರ ನೋಡಿದ. ಆಮೇಲೆ ನಕ್ಕುಬಿಟ್ಟ. ಕೆಟ್ಟ ನಗೆಯಲ್ಲ, ಪಾಪ, ತಡೆಯಲಾಗಲಿಲ್ಲ ಅವನಿಗೆ.

"ಅಯ್ಯೋ ಅಂಕಲ್, ಇದಿನ್ನೂ ಇದೆಯಾ? ಅವತ್ತೇ ಯಾರಿಗಾದ್ರೂ ಕೊಟ್ಟುಬಿಟ್ಟಿರ್ತೀರ ಅಂದ್ಕೊಂಡಿದ್ವಿ."

"ಅಲ್ಲಪ್ಪಾ, ವಾಪಸ್ ಬಂದಾಗ ತಗೋತೀವಿ ಅಂದಿದ್ಯಲ್ಲ."

"ಹಾಗೇ ಹೇಳ್ತೀವಲ್ಲ ಅಂಕಲ್, ಹೊರಡುವಾಗ."

ಅದಿತಿ ಒಳ್ಳೆಯ ಹುಡುಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ. "ಆಕ್ಚುಲಿ ಅಂಕಲ್, ಬೇಡದ ಸಾಮಾನು ಹೊತ್ಕೊಂಡು ಹೋಗಿ ಎಸೆಯೋಕೆ ಪ್ಯಾಕರ್ಸ್‌ನವರು ಬೇರೆ ಚಾರ್ಜ್ ಕೇಳಿದ್ರು. ಅಷ್ಟರಲ್ಲಿ ನೀವೇ ಬಂದ್ರಿ, ಟೆಂಪೋನೂ ನೀವೇ ಮಾಡಿದ್ರಿ. ಎಷ್ಟು ಸ್ವೀಟ್ ಅಂತ ನಾವಿಬ್ರೂ..." ರಘುನಂದನ್ ಅವಳ ಮೊಣಕೈ ಹಿಡಿದ. ಹೊತ್ತು ಮೀರಿತ್ತು.

ದಕ್ಷಿಣಾಮೂರ್ತಿಯವರು ಬೆಡ್‌ಶೀಟನ್ನು ಮಡಚತೊಡಗಿದರು. ಅಂಚಿಗೆ ಅಂಚು ಕೂಡಿಸಿ, ನೀವಿ, ಮತ್ತೆ ಮಡಚಿದರು. ಆಮೇಲೆ ಕೇಳಿದರು. "ಹಾಗಾದ್ರೆ ಇದನ್ನ ಕಂಡೆಮ್ ಮಾಡಬಹುದು ಅಂತೀಯ?"

"ಏನು ಮಾಡಬಹುದು?"

"ಎಸೀಬಹುದು ಅಂತ. ಒಂದು ವಾಟ್ಸಾಪ್ ಹಾಕಿಬಿಡಪ್ಪಾ."

ರಘುನಂದನ್ ಎದುರಿಗೇ ನಿಂತು ಫೋನ್ ಒತ್ತಿದ. ದಕ್ಷಿಣಾಮೂರ್ತಿಯವರ ಜೇಬಿನಲ್ಲಿ ಟಿಂಗ್ ಎಂದಿತು. ಹೆಬ್ಬೆಟ್ಟಿನ ಚಿತ್ರವೊಂದು ಬಂದಿತ್ತು, ಅಷ್ಟೇ. ಸರ್ಕಾರದಲ್ಲಿ ಮೂರು ಅಧಿಕಾರಿಗಳು ಬೇಕಾಗುತ್ತಿದ್ದ ಕೆಲಸ.

ಅವರು ಹೋದ ಮೇಲೆ ದಕ್ಷಿಣಾಮೂರ್ತಿಯವರಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಈ ಮಕ್ಕಳೆಲ್ಲ ಎಲ್ಲೋ ದೂರದ ಊರಿನಲ್ಲಿ ಕೂತು, ನಮ್ಮ ಸಾಮಾನು ಅಂಕಲ್ ಹತ್ತಿರ ಭದ್ರವಾಗಿದೆ ಎಂದು ಆಗಾಗ ನೆನೆಸಿಕೊಳ್ಳುತ್ತಿರುತ್ತಾರೆ ಎಂದು ಅವರು ನಂಬಿದ್ದರು. ಯಾರೂ ನೆನೆಸಿಕೊಂಡಿರಲಿಲ್ಲ. ವಸಂತಿ ಕಾಫಿ ತಂದುಕೊಟ್ಟರು. ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಎಂದಿದ್ದರೆ ಜಗಳವಾಡಿ ಹಗುರಾಗಬಹುದಿತ್ತು, ಆ ಅನುಕೂಲವೂ ತಪ್ಪಿತು.

ಆದರೂ ಅಭ್ಯಾಸ ಹೋಗಬೇಕಲ್ಲ. ಮಿಕ್ಕ ಮಾಲೀಕರ ಒಪ್ಪಿಗೆ ಇಲ್ಲದೆ ಒಂದು ಮೊಳೆಯನ್ನೂ ಎಸೆಯುವುದಿಲ್ಲ ಎಂದು ಎಲ್ಲರಿಗೂ ಮೆಸೇಜು ಹಾಕಿದರು. ಮಹಂತೇಶ್, "ಯಾವ ಟ್ರೆಡ್‌ಮಿಲ್ ಅಂಕಲ್?" ಎಂದು ಕೇಳಿದ. ಪ್ರಜ್ವಲ್ ಎರಡು ಕೈ ಮುಗಿದ ಚಿತ್ರ ಕಳಿಸಿದ. ಅದು ಕೂಲರಿಗೋ ಇವರಿಗೋ ತಿಳಿಯಲಿಲ್ಲ. ಸಿಂಧೂರ ಮಾತ್ರ ಉದ್ದಕ್ಕೆ ಬರೆದಳು. ಮೀನಿನ ತೊಟ್ಟಿ ಮಾರಿ, ಬಂದ ಹಣವನ್ನು ಯಾವುದಾದರೂ ಅನಾಥಾಶ್ರಮಕ್ಕೆ ಕೊಟ್ಟು, ರಸೀದಿಯನ್ನು ತನ್ನ ಹೆಸರಿನಲ್ಲಿ ಮಾಡಿಸಿ ಕಳಿಸಬೇಕಂತೆ.

"ಮೇಜು ನಾವೇ ಇಟ್ಕೊಳ್ಳೋಣ್ವಾ?" ಎಂದರು ದಕ್ಷಿಣಾಮೂರ್ತಿ. "ಈಗ ಅವರೇ ಬೇಡ ಅಂದ್ರಲ್ಲ."

"ಇಷ್ಟು ದಿನ ಕೇಳಿದಾಗ ಕೊಡಲಿಲ್ಲ. ಅವರು ಎಸೆದ ಮೇಲೆ ಅದರ ಮುಂದೆ ಕೂತು ಉಣ್ಣೋ ಹಸಿವು ನನಗಿಲ್ಲ" ಎಂದರು ವಸಂತಿ. "ನನಗೆ ಬೇಕಾಗಿರೋದು ನೆಲ."

ಭಾನುವಾರ ಬೀದಿಯಲ್ಲಿ ಹಳೇ ಸಾಮಾನು ಕೊಳ್ಳುವ ಕಬಾಡಿಯವನ ಕೂಗು ಕೇಳಿದಾಗ ವಸಂತಿಯೇ ಗೇಟಿಗೆ ಹೋಗಿ ಕರೆದರು. ಅವನು ಸೈಕಲ್ ಗಾಡಿ ನಿಲ್ಲಿಸಿ ಒಳಗೆ ಇಣುಕಿ, ಇಷ್ಟೊಂದು ಒಬ್ಬನಿಂದ ಆಗದೆಂದು ತಮ್ಮನನ್ನೂ ಕರೆಸಿದ. ಮೇಜು, ಕುರ್ಚಿಗಳು ಹೋದವು, ಕೂಲರ್ ಹೋಯಿತು, ತೊಟ್ಟಿ ಹೋಯಿತು. ಟ್ರೆಡ್‌ಮಿಲ್ಲನ್ನು ಇಬ್ಬರೂ ಏದುಸಿರು ಬಿಡುತ್ತಾ ಎಳೆದರು. ಗಣಪತಿಯನ್ನು ಮಾತ್ರ ವಸಂತಿ ತೆಗೆದು ಕಿಟಕಿಯ ಮೇಲಿಟ್ಟು, ಪೀಠದ ನಂಬರನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜತೊಡಗಿದರು. ದಕ್ಷಿಣಾಮೂರ್ತಿಯವರು ಗೇಟಿನ ಹತ್ತಿರ ನಿಂತು, "ಧೀರೇ ಭಯ್ಯಾ, ಧೀರೇ! ಗಾಜು ಮೇಲೆ ಇಡು" ಎನ್ನುತ್ತಿದ್ದರು. ಗುಜರಿಗೆ ಹೋಗುವ ಸಾಮಾನಿಗೂ ಗೀರು ಬೀಳಬಾರದು.

ಕಬಾಡಿಯವನು ಬೆವರು ಒರೆಸಿಕೊಂಡು ಖಾಲಿಯಾದ ರೂಮನ್ನೂ ತುಂಬಿದ ಗಾಡಿಯನ್ನೂ ನೋಡಿದ. ಅವನ ಅನುಭವದಲ್ಲಿ ಹೀಗೆ ಒಂದೇ ಏಟಿಗೆ ಮನೆ ಖಾಲಿ ಮಾಡುವವರು ಒಂದೇ ಜಾತಿ.

"ಬಾಬೂಜಿ, ವಿದೇಶ್ ಜಾ ರಹೇ ಹೋ ಕ್ಯಾ?"

ಈ ಪ್ರಶ್ನೆಯನ್ನು ದಕ್ಷಿಣಾಮೂರ್ತಿಯವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಅವರು ಶರ್ಟಿನ ಕಾಲರ್ ಸರಿಮಾಡಿಕೊಂಡರು.

"ಹಾಂ ಭಾಯಿ. ಕೆನಡಾ."

"ಅಚ್ಛಾ, ಅಚ್ಛಾ" ಎಂದ ಕಬಾಡಿಯವನು, ಹೇಳಿದ್ದ ಬೆಲೆಯನ್ನು ಅಲ್ಲೇ ಅರ್ಧಕ್ಕೆ ಇಳಿಸಿದ. ಹೊರಟವರಿಗೆ ಚೌಕಾಶಿ ಮಾಡಲು ಪುರುಸೊತ್ತಿರುವುದಿಲ್ಲ ಎಂದು ಅವನಿಗೆ ಗೊತ್ತು. ದಕ್ಷಿಣಾಮೂರ್ತಿಯವರೂ ಹೊರಟವರ ಹಾಗೆಯೇ ಕೈಬೀಸಿ, "ಚಲೋ, ಠೀಕ್ ಹೈ" ಎಂದುಬಿಟ್ಟರು.

ಹಳೆಯ ಪೇಪರಿನ ತೂಕದಲ್ಲಿ ಒಂದು ಹಿಡಿಯಷ್ಟು ಹೆಚ್ಚುಕಡಿಮೆಯಾದರೂ ಬಿಡದ ವಸಂತಿ ಒಳಗಿನಿಂದ ಎಲ್ಲ ಕೇಳಿಸಿಕೊಂಡು ಬಾಗಿಲಿಗೆ ಬಂದರು. ಗಂಡನ ಮುಖ ನೋಡಿದರು.

"ಮಾತಾಜಿ, ಆಪ್ ಭೀ?" ಎಂದ ಕಬಾಡಿಯವನು.

"ನಹೀಂ ಭಯ್ಯಾ. ಇವರೊಬ್ರೇ ಹೋಗೋದು. ಮೇರಾ ತೋ ಯಹಾಂ ಕ್ಲಾಸ್ ಹೈ" ಎಂದು ಹೇಳಿ, ವಸಂತಿ ಒಳಗೆ ಹೋಗಿ ಚಾಪೆ ಹಾಸಿದರು.