ಮೇಡಂ ತಿಪ್ಪೆಗೆ ಬಿದ್ದ ದಿನ

ಮೊನ್ನೆ ಕೆಂಪಾಪುರದ ನಮ್ಮ ಮನೆಗೆ ಮಗಳು ಹೂಕುಂಡಕ್ಕೆ ಹಾಕಲು ಕೊಟ್ಟಿಗೆ ಗೊಬ್ಬರದ ಚೀಲ ತರಿಸಿದಳು. ಅದೂ ದುಡ್ಡು ಕೊಟ್ಟು! ಬಾಲ್ಕನಿಯಲ್ಲಿ ಚೀಲ ಬಿಚ್ಚಿದ್ದೇ ತಡ, ಆ ವಾಸನೆಗೆ ನನಗೆ ಮೇಡಂ ನೆನಪಾದರು. ಸಗಣಿ ವಾಸನೆಗೆ ಅಷ್ಟು ದೊಡ್ಡ ಸಂಶೋಧಕಿ ನೆನಪಾಗೋದು ಮರ್ಯಾದೆಯಲ್ಲ, ಗೊತ್ತು. ಏನು ಮಾಡಲಿ, ಆಗಿದ್ದೇ ಹಾಗೆ...

ಎಪ್ಪತ್ತರ ದಶಕದ ಕೊನೆ. ಗದಗಿನ ಕಡೆಯಿಂದ ಬಂದ ನನಗೆ ಮೇಡಂ ಕೈಕೆಳಗೆ ಕೆಲಸ ಸಿಕ್ಕಿತ್ತು. ಬಾಣಂತಿಯರು, ಎಳೆಮಕ್ಕಳು, ಯಾವ ಮನೆಯಲ್ಲಿ ಎಷ್ಟು ಹುಟ್ಟು, ಎಷ್ಟು ಸಾವು... ಅವರ ಜೀವಮಾನದ ಓದೆಲ್ಲ ಅದೇ. ಯಲಹಂಕದಲ್ಲಿ ಬಸ್ಸು ಬದಲಿಸಿ ರಾಜಾನುಕುಂಟೆಯಲ್ಲಿ ಇಳಿದು, ಅಲ್ಲಿಂದ ಒಳಗಿನ ಹಳ್ಳಿಗೆ ನಡಿಗೆ. ನನ್ನ ಹೆಗಲಿಗೆ ಮಕ್ಕಳನ್ನು ತೂಗುವ ತಕ್ಕಡಿ, ಅವರ ಹೆಗಲಿಗೆ ಡೈರಿಗಳ ಚೀಲ.

ತೂಗುವುದೇನೋ ಸಲೀಸು. ಮಗುವಿನ ವಯಸ್ಸು ಕೇಳಿದರೆ ಮಾತ್ರ ದೇವರೇ ಗತಿ. "ಪಟೇಲರ ಎತ್ತು ಬಾವಿಗೆ ಬಿತ್ತಲ್ಲ, ಅದರ ಇಂದಿನ ವಾರ ಉಟ್ಟಿದ್ದು" ಅನ್ನೋರು. ಮೇಡಂ ನಗುತ್ತಿರಲಿಲ್ಲ. ಪಟೇಲರ ಮನೆಗೇ ಹೋಗಿ ಎತ್ತು ಬಿದ್ದ ತಾರೀಖು ಕೇಳಿ ಬರೆದುಕೊಳ್ಳುತ್ತಿದ್ದರು. ಹುಣಸೆಮರ ಉರುಳಿದ್ದು, ಮೊದಲ ಟ್ರ್ಯಾಕ್ಟರ್ ಬಂದಿದ್ದು, ಎಲ್ಲವೂ ಆ ಪಟ್ಟಿಯಲ್ಲಿ. "ತೂಕ ಸರಿಯಿದ್ದು ವಯಸ್ಸು ತಪ್ಪಾದ್ರೆ, ಸೊರಗಿದ ಮಗೂನ ಚೆನ್ನಾಗಿದೆ ಅಂತ ಬಿಟ್ಟು ಬರ್ತೀವಿ ಕಣಮ್ಮ" ಅನ್ನುತ್ತಿದ್ದರು.

ಒಂದು ದಿನ ಎಮ್ಮೆಗೆ ದಾರಿ ಬಿಡಲು ಹಿಂದೆ ಸರಿದ ಮೇಡಂ ಸೀದಾ ತಿಪ್ಪೆಗುಂಡಿಗೆ ಬಿದ್ದರು. ಇಸ್ತ್ರಿ ಸೀರೆ, ಕೈಗಡಿಯಾರ, ಕನ್ನಡಕ ಸಮೇತ, ಸೊಂಟದವರೆಗೆ! ಎತ್ತಲು ನಾಲ್ಕು ಜನ ಬಂದರೆ ನೋಡಲು ಊರಿಗೆ ಊರೇ ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಿಂತಿದ್ದೆ. ಮೇಲೆ ಬಂದವರೇ ಕೈ ತೊಳೆದುಕೊಂಡು ಡೈರಿ ತೆಗೆದರು. ಆ ಪಟ್ಟಿಯಲ್ಲಿ ಎತ್ತು, ಹುಣಸೆಮರಗಳ ಕೆಳಗೆ ಬರೆದರು: "ನಾನು ತಿಪ್ಪೆಗೆ ಬಿದ್ದಿದ್ದು." ಪಕ್ಕದಲ್ಲಿ ತಾರೀಖು.

"ಇದನ್ನೂ ಬರೀಬೇಕಾ ಮೇಡಂ?"

"ಇಷ್ಟು ಜನ ನಕ್ಕಿದ್ದಾರೆ. ಯಾರೂ ಮರೆಯಲ್ಲ, ಬಿಡು."

ಆಫೀಸಿನ ದೊಡ್ಡ ಸಾಹೇಬರು ಓದಿ, "ಇದೇನ್ರೀ, ಸಂಶೋಧನೆಯೋ ನಾಟಕವೋ? ಹೊಡೆದುಹಾಕಿ" ಎಂದು ರೇಗಿದರು. ಮೇಡಂ ಹೂಂ ಅಂದರು, ಹೊಡೆದುಹಾಕಲಿಲ್ಲ.

ವರ್ಷ ಕಳೆದ ಮೇಲೆ, ಹೆರಿಗೆಯಾದ ಮೇಲೆ ತವರಿಗೆ ಹೋಗಿ ಆಗಷ್ಟೇ ಮರಳಿದ್ದ ಒಬ್ಬ ಸೊಸೆ ಗಂಡುಮಗು ಎತ್ತಿಕೊಂಡು ಬಂದಳು. ಆರು ತಿಂಗಳು ಅಂದಳು. ತೂಗಿದೆ. ಆರು ತಿಂಗಳಿಗೆ ಸರಿಯಾದ ತೂಕವೇ. ಬರೆದು ಚೀಲ ಕಟ್ಟುತ್ತಿದ್ದೆವು. ಅಷ್ಟರಲ್ಲಿ ಅವಳ ಅತ್ತೆ, "ಯಾವ ಆರು ತಿಂಗ್ಳು? ಮೇಡಮ್ಮ ತಿಪ್ಪೆಗೆ ಬಿದ್ರಲ್ಲ, ಅವತ್ತೇ ಉಟ್ಟಿದ್ದು! ಇವಳು ಒಳಗೆ ನೋವು ತಿಂತಿದ್ರೆ ನಾನು ಬಿಟ್ಟು ನೋಡಕ್ ಓಡ್ಬಂದಿದ್ದೆ" ಅಂದುಬಿಟ್ಟಳು.

ಮೇಡಂ ಡೈರಿ ತೆಗೆದರು. ಹದಿನಾಲ್ಕು ತಿಂಗಳು! ತೂಕ ಮಾತ್ರ ಆರು ತಿಂಗಳ ಕೂಸಿನದು. ಸೊಸೆ ಅಳತೊಡಗಿದಳು. "ಇನ್ನೂ ಕೂತ್ಕೊಳ್ಳಲ್ಲ, ಜನ ಆಡ್ಕೋತಾರೆ ಅಂತ ತಿಂಗ್ಳು ಕಮ್ಮಿ ಯೋಳ್ದೆ..." ಮೇಡಂ ಬೈಯಲಿಲ್ಲ. ಮಗುವನ್ನು ತಾವೇ ಎತ್ತಿಕೊಂಡು, ತಾಯಿಯನ್ನೂ ಕರೆದುಕೊಂಡು ಮುಂದಿನ ಬಸ್ಸಿಗೇ ಆಸ್ಪತ್ರೆಗೆ ಹೊರಟರು. ತಿಂಗಳುಗಟ್ಟಲೆ ಓಡಾಡಿದರು. ಮಗು ಉಳಿಯಿತು.

ಹೋದ ವರ್ಷ ಮೇಡಂ ತೀರಿಕೊಂಡರು. ಆ ಹಳ್ಳಿಗೆ ಸುದ್ದಿ ಹೇಳಲು ನಾನೇ ಹೋದೆ. ಆ ಮಗು ಈಗ ಹೊಟ್ಟೆ ಬಂದ ಗಂಡಸು, ಸೈಟು ಮಾರುತ್ತಾನೆ. "ನಾನು ಮೇಡಂ ತಿಪ್ಪೆಗೆ ಬಿದ್ದ ದಿನ ಹುಟ್ದೋನು" ಅಂತ ಊರಿಗೆಲ್ಲ ಜಂಬದಿಂದ ಹೇಳಿಕೊಳ್ಳುತ್ತಾನಂತೆ. ಅವನ ತಾಯಿಗೆ, ಅಂದರೆ ಅಂದಿನ ಸೊಸೆಗೆ, ಮೇಡಂ ಹೋದ ತಾರೀಖು ಹೇಳಿದೆ.

"ತಾರೀಕು ನಂಗೆ ನೆಪ್ಪಿರಲ್ಲ ತಾಯಿ. ಅವತ್ತು ಏನಾಗಿತ್ತು ಯೋಳು, ಅದನ್ನ ಇಡ್ಕೋತೀನಿ" ಅಂದಳು.

ತುಂಬಾ ಯೋಚಿಸಿದೆ. ಎತ್ತು ಬಿದ್ದಿರಲಿಲ್ಲ, ಮರ ಉರುಳಿರಲಿಲ್ಲ. ಹಾಲಿನವನು ಬಂದಿದ್ದ, ಬಸ್ಸುಗಳು ಓಡಿದ್ದವು.

"ಏನೂ ಆಗಿರ್ಲಿಲ್ಲಮ್ಮ. ಮೇಡಂ ಹೋದ್ರು, ಅಷ್ಟೇ" ಅಂದೆ.

ಬಾಲ್ಕನಿಯಲ್ಲಿ ನನ್ನ ಮುಖ ನೋಡಿ ಮಗಳು, "ಅಷ್ಟೊಂದು ವಾಸನೆನಾ ಅಮ್ಮ? ಕಣ್ಣಲ್ಲಿ ನೀರು ಬರ್ತಿದೆ" ಅಂದಳು.

ಹೂಂ ಕಣೇ ಅಂದೆ. ಚೀಲ ಮುಚ್ಚಲು ಮನಸ್ಸು ಬರಲಿಲ್ಲ.